ಎರಡನೆಯ ಸಹಿ

"ಇನ್ನೂ ನನ್ನ ಕೋಪ ಇಳಿದಿಲ್ಲ ಕಣಯ್ಯಾ, ತಿಳ್ಕೋ," ಎಂದಳು ಯೂಲಾಲಿ ನಾರ್ಸಿಸ್, ಫೋನು ಕಿವಿಗೆ ತಾಕುವ ಮೊದಲೇ. ಬೆಳಿಗ್ಗೆ ಏಳಕ್ಕೆ ಆ ಮನೆಯ ಫೋನು ಬಡಿದುಕೊಂಡರೆ ಅದು ಆಲ್ಸೀಡ್ ಲಾಚ್ಲೆಯದೇ ಆಗಿರಬೇಕು. ಐದು ದಿನ ಅವಳು ಅದನ್ನು ಎತ್ತಿರಲಿಲ್ಲ. ಆರನೆಯ ದಿನ ಎತ್ತಿದ್ದು ಬೈಯುವುದಕ್ಕೆಂದೇ. "ಮಂಗಳವಾರ ಕೋರ್ಟು. ಇವತ್ತು ಗುರುವಾರ. ನಲವತ್ತೈದು ವರ್ಷ ಸಹಿ ಹಾಕಿದ ಕೈಗೆ ಈಗ ಏನು ದೊಡ್ಡ ರೋಗ ಬಂತು? ಹಾಕ್ತೀಯೋ, ಇಲ್ವೋ? ಅಷ್ಟು ಬೊಗಳು, ಫೋನಿಡ್ತೀನಿ."

ಆ ಕಡೆ ಯಾರೋ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಮಿಸ್ ಯೂಲಾಲಿ, ನಾನು ಕ್ಲೋಡೆಟ್," ಎಂದಿತು ಆಲ್ಸೀಡನ ಮಗಳ ದನಿ. "ಅಪ್ಪ ಹೋಗ್ಬಿಟ್ರು."

"ಎಲ್ಲಿಗೆ ಹೋದ?" ಎಂದುಬಿಟ್ಟಳು ಯೂಲಾಲಿ. ಹಾಗೆಂದ ಮೇಲೆ ಅರ್ಥವಾಯಿತು. ಪಕ್ಕದ ಕುರ್ಚಿಯನ್ನು ಕೈಯಿಂದ ತಡವಿ ಎಳೆದುಕೊಂಡು ಕುಳಿತಳು.

"ವರಾಂಡದಲ್ಲಿ ಕಾಫಿ ಹಿಡ್ಕೊಂಡು ಕೂತಿದ್ರು. ಒಳಗಿಂದ ಕರೆದೆ, ಓಗೊಡ್ಲಿಲ್ಲ. ಹೋಗಿ ನೋಡಿದ್ರೆ... ಫೋನು ಮಡಿಲಲ್ಲೇ ಇತ್ತು. ಏಳು ಗಂಟೆ ಆಗ್ಲಿ ಅಂತ ಕಾಯ್ತಿದ್ರು ಅನ್ಸುತ್ತೆ. ನಿಮಗೇ ಮೊದಲು ಹೇಳ್ಬೇಕು ಅನ್ನಿಸ್ತು."

"ಒಳ್ಳೇದು ಮಾಡ್ದೆ ಮಗಳೇ. ಕಣ್ಣು ಮುಚ್ಚಿದ್ಯಾ ಅವನದು?"

"ಮುಚ್ಚಿದೆ."

"ಸರಿ. ಬರ್ತೀನಿ."

ಒಲೆಯ ಮೇಲೆ ಜೋಳದ ಗಂಜಿ ತಳ ಹತ್ತುತ್ತಿತ್ತು. ಅದನ್ನು ಇಳಿಸಿದಳು. ಗೋಡೆಯ ಮೊಳೆಯಿಂದ ಜಪಮಾಲೆ ತೆಗೆದುಕೊಂಡಳು. ಎಪ್ಪತ್ತೆಂಟು ವರ್ಷದ ಹೆಂಗಸು. ಗಂಡನನ್ನೂ ಇಬ್ಬರು ತಮ್ಮಂದಿರನ್ನೂ ಕಳುಹಿಸಿಕೊಟ್ಟವಳು. ಸಾವಿನ ಮನೆಯಲ್ಲಿ ಪ್ರಾರ್ಥನೆ ನಡೆಸುವುದಕ್ಕೆ ಊರು ಅವಳನ್ನೇ ಕರೆಯುತ್ತಿತ್ತು. ಅಂದು ಮಾತ್ರ ಎರಡನೆಯ ಮಣಿಯಿಂದ ಮುಂದಕ್ಕೆ ಹೋಗಲಾಗಲಿಲ್ಲ. ಆಗಷ್ಟೇ ಆಡಿದ 'ಬೊಗಳು' ಎಂಬ ಮಾತು ನಡುವೆ ಬಂದು ಅಡ್ಡ ನಿಲ್ಲುತ್ತಿತ್ತು.

ಗ್ರಾಂ ಶೆನ್ ಊರಿನ ಶಾಲೆ ಫೆಡರಲ್ ನ್ಯಾಯಾಲಯದ ಮೇಲ್ವಿಚಾರಣೆಗೆ ಬಂದು ನಲವತ್ತೇಳು ವರ್ಷವಾಗಿತ್ತು. ಬಿಳಿ ಮಕ್ಕಳಿಗೊಂದು ಶಾಲೆ, ಕಪ್ಪು ಮಕ್ಕಳಿಗೊಂದು ಶಾಲೆ ಎಂದಿದ್ದ ಕಾಲದಲ್ಲಿ ಹನ್ನೊಂದು ಜನ ತಂದೆತಾಯಿಯರು ದಾವೆ ಹೂಡಿದ್ದರು. ಅವರಲ್ಲಿ ಉಳಿದವಳು ಯೂಲಾಲಿ ಒಬ್ಬಳೇ. ಗೆದ್ದ ವರ್ಷವೇ ಅವಳು ಪಾಠ ಹೇಳುತ್ತಿದ್ದ ಕಪ್ಪು ಮಕ್ಕಳ ಶಾಲೆಗೆ ಬೀಗ ಬಿತ್ತು. ಮಕ್ಕಳನ್ನೆಲ್ಲ ಬಿಳಿಯರ ಶಾಲೆಗೆ ಸೇರಿಸಿದರು. ಟೀಚರಮ್ಮನನ್ನು ಅಲ್ಲಿನ ಪುಸ್ತಕದ ಕೋಣೆಯಲ್ಲಿ ಕೂರಿಸಿದರು. ಅದರ ಬಗ್ಗೆ ಅವಳು ಯಾರ ಬಳಿಯೂ ಹೇಳಿಕೊಂಡದ್ದಿಲ್ಲ.

ಶಾಲಾ ಮಂಡಳಿ ಮೊದಲ ವರ್ಷ ಕೊಟ್ಟ ಅಂಕಿ ಸುಳ್ಳೆಂದು ತಿಳಿದಾಗ ಅಂದಿನ ಜಡ್ಜರು ಸಿಟ್ಟಾಗಿ ಹೊಸದೊಂದು ಕಟ್ಟಳೆ ಮಾಡಿದರು. ಎರಡೂ ಕಡೆಯಿಂದ ಒಬ್ಬೊಬ್ಬರು ಪ್ರತಿವರ್ಷ ಅಕ್ಟೋಬರಿನ ಮೊದಲ ಸೋಮವಾರ ಶಾಲೆಗೆ ಹೋಗಿ ಮಕ್ಕಳನ್ನು ಕಣ್ಣಾರೆ ಎಣಿಸಬೇಕು. ಬಸ್ಸು, ಕೊಠಡಿ, ಆಟದ ತಂಡ ಎಲ್ಲವನ್ನೂ ನೋಡಬೇಕು. ಇಬ್ಬರೂ ಸಹಿ ಮಾಡಿ ವರದಿ ಕಳುಹಿಸಬೇಕು. ಒಂದೇ ಸಹಿ ಇದ್ದರೆ ಅದು ಲೆಕ್ಕಕ್ಕಿಲ್ಲ. ಇದಕ್ಕೆಂದು ಕರೆದ ಸಭೆಯಲ್ಲಿ ಕಪ್ಪು ಜನರ ಕಡೆಯಿಂದ ಯೂಲಾಲಿ ಎದ್ದು ನಿಂತಳು. ಬಿಳಿಯರ ಕಡೆಯಲ್ಲಿ ಯಾರೂ ಏಳಲಿಲ್ಲ. ಆದ್ದರಿಂದ ಅಂದು ಸಭೆಗೆ ಬಂದಿರದಿದ್ದ ಬಸ್ ಚಾಲಕ ಆಲ್ಸೀಡನ ಹೆಸರನ್ನು ಬರೆದು ಎದ್ದು ಹೋದರು.

ಮೊದಲ ಎಣಿಕೆ ನಡೆದದ್ದು ಊಟದ ಕೋಣೆಯಲ್ಲಿ. ಅವಳು ಕಪ್ಪು ಮಕ್ಕಳನ್ನೆಣಿಸಿದಳು, ಅವನು ಬಿಳಿ ಮಕ್ಕಳನ್ನು. ಕೂಡಿಸಿ ನೋಡಿದರೆ ಶಾಲೆಯಲ್ಲಿರುವುದಕ್ಕಿಂತ ನಲವತ್ತೊಂದು ಮಕ್ಕಳು ಹೆಚ್ಚಾಗಿದ್ದರು. ಕಪ್ಪು-ಬಿಳಿ ರಕ್ತ ಬೆರೆತ ಆ ಸೀಮೆಯ ಕ್ರಿಯೋಲ್ ಮನೆತನಗಳಲ್ಲಿ ಮೈಬಣ್ಣ ನೋಡಿ ಏನೂ ಹೇಳುವಂತಿಲ್ಲ. ಅಂಥ ಮಕ್ಕಳನ್ನು ಇಬ್ಬರೂ ತಮ್ಮವರೆಂದು ಬರೆದುಕೊಂಡಿದ್ದರು. ಯೂಲಾಲಿಯ ಸ್ವಂತ ತಮ್ಮನ ಮಗ ಆಲ್ಸೀಡನ ಪಟ್ಟಿಯಲ್ಲಿದ್ದ.

"ಈ ಹುಡುಗ ನಿಮ್ಮವನಾ?" ಎಂದು ಅವಳು ಕೇಳಿದಳು.

"ಮತ್ತೆ? ಮೂಗು ನೋಡಮ್ಮ."

"ಮೂಗು ನಮ್ಮಪ್ಪಂದು ಕಣಯ್ಯಾ!"

ಎರಡನೆಯ ವರ್ಷ ಆಲ್ಸೀಡನೇ ಉಪಾಯ ಹೇಳಿದ. ಅವನು ಅವಳ ಕಡೆಯ ಮಕ್ಕಳನ್ನು ಎಣಿಸುವುದು, ಅವಳು ಅವನ ಕಡೆಯವರನ್ನು. ಆಗ ಯಾರೂ ಆಸೆಗೆ ಹೆಚ್ಚು ಬರೆದುಕೊಳ್ಳುವುದಿಲ್ಲ. ಈ ಸಲ ಹತ್ತೊಂಬತ್ತು ಮಕ್ಕಳು ಕಡಿಮೆ ಬಂದರು. ಸಂಶಯ ಬಂದವರನ್ನೆಲ್ಲ ಇಬ್ಬರೂ ಬಿಟ್ಟಿದ್ದರು. ಆ ಹತ್ತೊಂಬತ್ತು ಜನರನ್ನು ಸಾಲಾಗಿ ನಿಲ್ಲಿಸಿ "ನಿಮ್ಮ ಅಮ್ಮನ ಅಮ್ಮ ಯಾರು, ಯಾವ ಚರ್ಚಿಗೆ ಹೋಗ್ತಾರೆ?" ಎಂದು ಒಬ್ಬೊಬ್ಬರನ್ನೇ ಕೇಳಿದರು. ಊರಿನಲ್ಲಿ ಬಿಳಿಯರ ಕ್ಯಾಥೊಲಿಕ್ ಚರ್ಚು ಸಂತ ಅನ್ನಮ್ಮನದು. ಅದರೆದುರು, ರಸ್ತೆಯ ಈಚೆ, ಕಪ್ಪು ಜನರ ಸಂತ ಪೀಟರ್ ಕ್ಲೇವರನದು. ಅಜ್ಜಿ ಗೊತ್ತಾದರೆ ಮಗು ಯಾರದೆಂದು ಗೊತ್ತಾಯಿತು. ಅಂದಿನಿಂದ ಅದೇ ರೂಢಿಯಾಯಿತು. ಸೀಗಡಿ ಹಿಡಿಯುವ ವಿಯೆಟ್ನಾಮಿನವರೊಬ್ಬರ ಮೂವರು ಮಕ್ಕಳು ಬಂದಾಗ ಮಾತ್ರ ತೊಡಕಾಯಿತು. ಕೋರ್ಟಿನ ಹಾಳೆಯಲ್ಲಿದ್ದದ್ದು ಎರಡೇ ಕಾಲಮು. ಆ ಮೂವರನ್ನು ಒಂದು ವರ್ಷ ಅವನ ಲೆಕ್ಕಕ್ಕೆ, ಮರುವರ್ಷ ಅವಳ ಲೆಕ್ಕಕ್ಕೆ ಬರೆಯುತ್ತ ಏಳು ವರ್ಷ ದೂಡಿದರು. ಜಡ್ಜರು ಕೇಳಲೂ ಇಲ್ಲ.

ಹೀಗೆ ನಲವತ್ತೈದು ಅಕ್ಟೋಬರ್ ಕಳೆದಿತ್ತು. ಅವನು ಅವಳನ್ನು ಜಡ್ಜಮ್ಮ ಎನ್ನುತ್ತಿದ್ದ. ಗಂಡ ಫರ್ದಿನಾಂ ತೀರಿಕೊಂಡಾಗ ಪೆಟ್ಟಿಗೆ ಹೊತ್ತವರಲ್ಲಿ ಅವನೂ ಒಬ್ಬ. ಅವನ ಹೆಂಡತಿ ಹಾಸಿಗೆ ಹಿಡಿದಾಗ ಒಂದು ಚಳಿಗಾಲವೆಲ್ಲ ಯೂಲಾಲಿಯ ಒಲೆಯಿಂದ ಗಂಬೋ ಸಾರು ಹೋಗಿತ್ತು. ಆದರೂ ಅವನು ಅವಳ ಚರ್ಚಿನಲ್ಲಿ ಪೂಜೆಗೆ ಕುಳಿತವನಲ್ಲ, ಅವಳು ಅವನ ಚರ್ಚಿನಲ್ಲಿ ಕುಳಿತವಳಲ್ಲ.

ಈ ವರ್ಷ ಮಂಡಳಿ ಕೋರ್ಟಿಗೆ ಅರ್ಜಿ ಹಾಕಿಕೊಂಡಿತ್ತು: ಹೇಳಿದ್ದನ್ನೆಲ್ಲ ಮಾಡಿದ್ದೇವೆ, ಇನ್ನು ನಮ್ಮನ್ನು ಬಿಟ್ಟುಬಿಡಿ. ಯೂಲಾಲಿಗೂ ಅದೇ ಬೇಕಿತ್ತು. ಗೆದ್ದೆವು ಎಂದು ಯಾರೂ ಅವಳಿಗೆ ಇದುವರೆಗೆ ಹೇಳಿರಲಿಲ್ಲ. ಮುಗಿಯಿತು ಎಂಬ ಒಂದು ಮಾತನ್ನು ಜಡ್ಜರ ಬಾಯಿಂದ ಕೇಳಿ ಸಾಯಬೇಕೆಂದು ಆಸೆ. ಚರ್ಚಿನ ಹೆಂಗಸರು ಮಂಗಳವಾರ ಸಂಜೆಗೆ ಕೇಕು ಹೇಳಿಯಾಗಿತ್ತು. ಕೊನೆಯ ವರದಿಗೆ ಅವಳು ಅಡಿಗೆಮನೆಯ ಮೇಜಿನ ಮೇಲೆಯೇ ಸಹಿ ಮಾಡಿ ಪೆನ್ನನ್ನು ಆಲ್ಸೀಡನ ಕಡೆಗೆ ತಳ್ಳಿದ್ದಳು. ಅವನು ಪೆನ್ನು ಹಿಡಿದ. ಕೆಳಗಿಟ್ಟ.

"ಒಂದು ವಾರ ಬಿಡು ಜಡ್ಜಮ್ಮ."

"ಯಾಕೆ?"

"ಸುಮ್ನೆ. ಇನ್ನೊಂದ್ಸಲ ನೋಡ್ತೀನಿ."

"ಎಂಬತ್ತು ವರ್ಷದ ಮುದುಕ ನೀನು, ಒಂದು ವಾರ ಬಿಡು ಅಂದ್ರೆ ಯಾರಯ್ಯಾ ಕೊಡ್ತಾರೆ ನಿನಗೆ ವಾರ?" ಎಂದು ಅವಳು ರೇಗಿದ್ದಳು. "ನಾವು ಗೆದ್ದೋರು ಅಂತ ಅನ್ನಿಸ್ಕೊಳ್ಳೋದು ನಿಮಗೆ ಇಷ್ಟ ಇಲ್ಲ. ಕೊನೇಗೂ ನೀನು ಆ ಕಡೆಯವನೇ!" ಅವನು ಟೋಪಿ ತೆಗೆದುಕೊಂಡು, ವರದಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದ. ಅವಳು ಅವನನ್ನು ಕಂಡದ್ದು ಅದೇ ಕೊನೆ.

ಶುಕ್ರವಾರ ಸಂಜೆ ಸಂತ ಅನ್ನಮ್ಮನ ಚರ್ಚಿನ ಸಭಾಂಗಣದಲ್ಲಿ ಆಲ್ಸೀಡನ ದೇಹವನ್ನು ದರ್ಶನಕ್ಕಿಟ್ಟಿದ್ದರು. ಯೂಲಾಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಕ್ಲೋಡೆಟ್ ಎದ್ದು ಬಂದು ಕೈಹಿಡಿದು ಮುಂದಿನ ಸಾಲಿಗೆ ಕರೆದೊಯ್ದಳು. ಆಲ್ಸೀಡನ ತಮ್ಮ ಗಾಸ್ಟನ್ ಕಾಲು ಸರಿಸಿ ಜಾಗ ಬಿಟ್ಟ.

"ಇವತ್ತಾದ್ರೂ ಅವನ ಜೊತೆ ಜಗಳ ಆಡ್ಬೇಡ ಯೂಲಾಲಿ," ಎಂದ ಗಾಸ್ಟನ್.

"ಎದ್ದು ಬರ್ತಾನೆ ಅಂದ್ರೆ ಆಡ್ತೀನಿ," ಎಂದಳು. ಗಾಸ್ಟನ್ ನಗಲು ಹೋಗಿ ಅತ್ತುಬಿಟ್ಟ.

ಜಪಮಾಲೆ ನಡೆಸುವವರು ಬಂದಿರಲಿಲ್ಲ. ಫಾದರು ಅವಳ ಕಡೆ ನೋಡಿದರು. ಅವಳು ಮೊಣಕಾಲೂರಿ ಪ್ರಾರಂಭಿಸಿದಳು. ಸಂತ ಅನ್ನಮ್ಮನ ಜನವೆಲ್ಲ ಅವಳ ದನಿಗೆ ದನಿಗೂಡಿಸಿದರು. ಐವತ್ತು ಮಣಿಯನ್ನೂ ದಾಟಿಸಿದಳು.

ಮುಗಿದ ಮೇಲೆ ಕ್ಲೋಡೆಟ್ ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದು ಕಾಫಿ ಕೊಟ್ಟಳು. ಆಮೇಲೆ ಕೈಚೀಲದಿಂದ ಮಡಿಸಿದ ವರದಿಯನ್ನೂ ನೀಲಿ ರಟ್ಟಿನ ಸಣ್ಣದೊಂದು ಪುಸ್ತಕವನ್ನೂ ತೆಗೆದಳು.

"ನನಗೇನಾದ್ರೂ ಆದ್ರೆ ಇದನ್ನ ಜಡ್ಜಮ್ಮಂಗೆ ಕೊಡು, ಓದ್ಬೇಡ ಅಂದಿದ್ರು ಅಪ್ಪ. ನಾನು ಓದಿದೆ." ಎರಡನ್ನೂ ಅವಳ ಕೈಗಿಟ್ಟಳು. "ಹೊಳೆಗೆ ಎಸೀಬೇಕು ಅಂತ ಸೇತುವೆವರೆಗೂ ಹೋಗಿದ್ದೆ. ಆಗ್ಲಿಲ್ಲ."

ಯೂಲಾಲಿ ಕನ್ನಡಕ ಹಾಕಿಕೊಂಡಳು. ಬಸ್ಸು ಓಡಿಸುವ ಕೈಯ ಒತ್ತಿ ಬರೆದ ದಪ್ಪ ಅಕ್ಷರ. ಕೊನೆಯ ಹಾಳೆಯಲ್ಲಿ ನಾಲ್ಕು ವರ್ಷದ ನಾಲ್ಕು ಸಾಲು. ಮೊದಲನೆಯದು: 'ಮಹಡಿಗೆ ಹೋದೆ. ಕ್ಲೋಡೆಟ್ ಊಟದ ಡಬ್ಬಿ ಮರೆತಿದ್ದಳು. ಅವಳ ತರಗತಿಯಲ್ಲಿ ಇಪ್ಪತ್ತೇಳು ಮಕ್ಕಳು. ಯೂಲಾಲಿ ಕಡೆಯವಳು ಒಬ್ಬಳು.' ಮರುವರ್ಷ: 'ಇಪ್ಪತ್ತೆಂಟು. ಒಬ್ಬಳು.' ಅದರ ಮುಂದಿನ ವರ್ಷ: 'ಇಪ್ಪತ್ತಾರು. ಇಬ್ಬರು.' ಈ ಅಕ್ಟೋಬರು: 'ಇಪ್ಪತ್ತೇಳು. ಒಬ್ಬಳು. ಯೂಲಾಲಿಗೆ ಹೇಳಬೇಕು. ಹೇಗೆ ಹೇಳಲಿ. ಸಹಿ ಹಾಕಲಾರೆ.'

ಮಹಡಿಯ ತರಗತಿ ಎಂದರೆ ಚುರುಕು ಮಕ್ಕಳಿಗೆಂದು ಮಾಡಿದ್ದು; ಅಲ್ಲಿ ಪಾಠ ಹೇಳುತ್ತಿದ್ದವಳು ಕ್ಲೋಡೆಟ್. ಅಲ್ಲಿಂದ ಹೋದವರೇ ಮುಂದೆ ಹೈಸ್ಕೂಲಿನಲ್ಲಿ ದೊಡ್ಡ ಗಣಿತ, ವಿಜ್ಞಾನ ಓದುತ್ತಿದ್ದರು. ಶಾಲೆಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಮಕ್ಕಳು.

"ನಾನು ಆರಿಸೋದಲ್ಲ ಮಿಸ್ ಯೂಲಾಲಿ," ಎಂದಳು ಕ್ಲೋಡೆಟ್. "ತಂದೆತಾಯಿ ಆಫೀಸಿಗೆ ಹೋಗಿ ಚೀಟಿ ಬರ್ಕೊಟ್ರೆ ಮಗೂಗೆ ಪರೀಕ್ಷೆ ಕೊಡ್ತಾರೆ. ಚೀಟಿ ಕೊಡದವರಿಗೆ ಪರೀಕ್ಷೇನೇ ಇಲ್ಲ."

"ಚೀಟಿ ಕೊಡ್ಬೇಕು ಅಂತ ಎಲ್ಲಿ ಬರ್ದಿದೆ?"

"ಎಲ್ಲೂ ಬರ್ದಿಲ್ಲ. ಪೂಜೆ ಮುಗಿದ್ಮೇಲೆ ಕಾಫಿ ಕುಡೀತಾ ಒಬ್ಬರಿಗೊಬ್ಬರು ಹೇಳ್ಕೋತಾರೆ."

"ನಮ್ಮ ಚರ್ಚಲ್ಲೂ ಕಾಫಿ ಕುಡೀತೀವಮ್ಮ."

ಕ್ಲೋಡೆಟ್ ತಲೆ ತಗ್ಗಿಸಿದಳು.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಅವನಿಗೂ. ಮೂರು ವರ್ಷ ಗೊತ್ತಿದ್ದೂ ನನ್ನ ಮುಂದೆ ಕೂತು ಸಹಿ ಹಾಕ್ದ. ನನ್ನ ಮನೆ ಕಾಫಿ ಕುಡಿದು ಸಹಿ ಹಾಕ್ದ."

"ನನ್ನಿಂದ ಮಿಸ್ ಯೂಲಾಲಿ. ಹೇಳಿದ್ರೆ ನನ್ನ ಹೆಸರು ಬರುತ್ತೆ ಅಂತ. ಇದನ್ನ ಕೋರ್ಟಲ್ಲಿ ಓದಿದ್ರೆ ಊರೆಲ್ಲ ಅಪ್ಪನ್ನ ಏನನ್ನುತ್ತೆ? ಗಾಸ್ಟನ್ ಚಿಕ್ಕಪ್ಪ ಏನಂತಾರೆ?" ಅವಳು ಕೈಚೀಲದ ಬಾಯಿ ಮುಚ್ಚಿದಳು. "ಓದ್ಬೇಡಿ ಅಂತ ಹೇಳೋಕೆ ಬಂದೆ. ಈಗ ಅದೂ ಬಾಯಿಗೆ ಬರ್ತಿಲ್ಲ."

ಯೂಲಾಲಿ ಪುಸ್ತಕವನ್ನೂ ವರದಿಯನ್ನೂ ಚೀಲಕ್ಕೆ ಹಾಕಿಕೊಂಡಳು. ಹೊರಗೆ ಹೋಗುವಾಗ ಪೆಟ್ಟಿಗೆಯ ಬಳಿ ನಿಲ್ಲಲಿಲ್ಲ.

ಶನಿವಾರ ಮಣ್ಣಾಯಿತು. ಭಾನುವಾರ ಪೂಜೆಯ ಹೊತ್ತಿನಲ್ಲಿ ಯೂಲಾಲಿಯ ಮನಸ್ಸು ಬಲಿಪೀಠದ ಮೇಲೆ ನಿಲ್ಲಲಿಲ್ಲ. ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲದಂತೆ ಕಾಣುತ್ತಿತ್ತು. ಅವನ ಸಹಿ ಇಲ್ಲದ್ದಕ್ಕೆ ಸಾವೇ ಕಾರಣವೆಂದು ಎಲ್ಲರೂ ಒಪ್ಪುತ್ತಿದ್ದರು. ಅವಳ ವಕೀಲರೂ ಫೋನು ಮಾಡಿ "ಏನೂ ತೊಂದರೆಯಿಲ್ಲ ಮಿಸೆಸ್ ನಾರ್ಸಿಸ್, ಜಡ್ಜರು ಒಂದೇ ಸಹಿಯನ್ನು ಒಪ್ಪಿಕೊಳ್ಳುತ್ತಾರೆ, ನೀವು ಹೌದು ಎಂದರೆ ಸಾಕು," ಎಂದಿದ್ದರು. ಹೌದು ಎಂದರೆ ಕೇಸು ಮುಗಿಯುತ್ತದೆ, ಆಲ್ಸೀಡನ ಹೆಸರು ಉಳಿಯುತ್ತದೆ. ಮಹಡಿ ಮಾತ್ರ ಹಾಗೆಯೇ ಇರುತ್ತದೆ. ಅದನ್ನು ಕೇಳುವ ಕೋರ್ಟು ಮುಂದೆ ಇರುವುದಿಲ್ಲ.

ಪಕ್ಕದಲ್ಲಿ ಕುಳಿತಿದ್ದ ಫಿಲೊಮೇನ್ ಮೊಣಕೈಯಿಂದ ತಿವಿದಳು. "ಪೂಜೆ ಮುಗೀತು ಕಣೇ, ಏಳು. ಕೇಕಿನ ಮೇಲೆ ಏನು ಬರೆಸೋಣ? 'ಮುಗಿಯಿತು' ಅಂತ ಬರೆಸಿದ್ರೆ ಸಾಕಾ, ದೇವರಿಗೊಂದು ಸ್ತೋತ್ರಾನೂ ಸೇರಿಸೋದಾ?"

"ನಿಮಗೆ ತೋಚಿದ್ದು ಬರೆಸಿ," ಎಂದಳು ಯೂಲಾಲಿ.

ಸೋಮವಾರ ಶಾಲೆಗೆ ಹೋದಳು. ನವೆಂಬರಿನ ಕಬ್ಬಿನ ಗದ್ದೆಗಳಲ್ಲಿ ಸೋಗೆ ಸುಡುತ್ತಿದ್ದರು. ಅಂಗಳಕ್ಕೆಲ್ಲ ಕರಿಬೂದಿ ಉದುರುತ್ತಿತ್ತು. ಊಟದ ಕೋಣೆಯ ಪಕ್ಕದಲ್ಲೇ ಮಹಡಿಯ ಮೆಟ್ಟಿಲು. ಮೊಣಕಾಲು ನೋವೆಂದು ಹದಿನೈದು ವರ್ಷದಿಂದ ಅವಳು ಅದನ್ನು ಹತ್ತಿರಲಿಲ್ಲ. ಅದಕ್ಕೂ ಮೊದಲು ಕಾಲು ಗಟ್ಟಿಯಿದ್ದಾಗಲೂ ಹತ್ತಿರಲಿಲ್ಲ. ಕಂಬಿ ಹಿಡಿದು ಅರ್ಧ ಹತ್ತುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಮೇಲಿನಿಂದ ಮಕ್ಕಳು ಸಾಲಾಗಿ ಇಳಿದು ಬಂದರು. ಅವಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು.

ಆ ಸಾಲು ಅವಳಿಗೆ ಗೊತ್ತಿತ್ತು. ಅದು ಎಲ್ಲರಿಗಿಂತ ಕೊನೆಗೆ ಊಟಕ್ಕೆ ಬರುತ್ತಿದ್ದ ಸಾಲು. ಪ್ರತಿ ಅಕ್ಟೋಬರಿನಲ್ಲೂ ಅವಳು ಅದಕ್ಕಾಗಿ ಕಾಯುತ್ತಿದ್ದಳು. ಬಿಳಿ ಮಕ್ಕಳನ್ನು ಎಣಿಸುವುದು ಅವಳ ಪಾಲಿನ ಕೆಲಸ. ಈ ಸಾಲಿನಲ್ಲಿ ಅವರೆಲ್ಲ ಒಟ್ಟಿಗೆ ಸಿಗುತ್ತಿದ್ದರು. ಯಾರನ್ನೂ ನಿಲ್ಲಿಸಿ ಅಜ್ಜಿಯ ಹೆಸರು ಕೇಳಬೇಕಿರಲಿಲ್ಲ. ಎಷ್ಟು ವರ್ಷದಿಂದ? ಆಲ್ಸೀಡ್ ನೋಡಿದ್ದು ಮೂರು ವರ್ಷದ ಹಿಂದೆ. ಅವಳು ಹತ್ತು ವರ್ಷವಾದರೂ ಕಣ್ಣ ಮುಂದೆ ನಿಲ್ಲಿಸಿಕೊಂಡು ಎಣಿಸಿದ್ದಳು. ಕೆಲಸ ಹಗುರವಾಯಿತೆಂದು ಸಂತೋಷಪಟ್ಟಿದ್ದಳು.

ಸಾಲಿನ ಕೊನೆಯಲ್ಲಿ ಎರಡು ಜಡೆಯ ಕಪ್ಪು ಹುಡುಗಿಯೊಬ್ಬಳು ನಿಂತಳು. "ಅಜ್ಜಿ, ಕೈ ಹಿಡ್ಕೊಳ್ಲಾ?"

"ನಿಮ್ಮ ಅಮ್ಮನ ಅಮ್ಮ ಯಾರು ಮಗು?"

"ಅಜ್ಜಿ ಹೂಸ್ಟನ್ನಲ್ಲಿದ್ದಾರೆ. ನಮ್ಮಪ್ಪ ಆಸ್ಪತ್ರೆ ಡಾಕ್ಟ್ರು. ನನ್ನ ಹೆಸರು ಸಿಮೋನ್."

"ನಿನ್ನ ಬೀದಿಯೋರು ಯಾರೂ ಮೇಲಕ್ಕೆ ಬರಲ್ವಾ?"

"ಮ್ಯಾಡಿ ನನಗಿಂತ ಜೋರಾಗಿ ಲೆಕ್ಕ ಮಾಡ್ತಾಳೆ," ಎಂದಳು ಸಿಮೋನ್. "ಅವಳಮ್ಮಂಗೆ ಮೇಲೆ ಕ್ಲಾಸಿದೆ ಅಂತಾನೇ ಗೊತ್ತಿಲ್ಲ." ಮೆಟ್ಟಿಲು ಇಳಿಸಿ, ಕೈ ಬಿಟ್ಟು, ಸಾಲನ್ನು ಸೇರಿಕೊಳ್ಳಲು ಓಡಿದಳು.

ಮಂಗಳವಾರ ನ್ಯಾಯಾಲಯ ತುಂಬಿತ್ತು. ಒಂದು ಕಡೆ ಮಂಡಳಿಯವರು, ಅವರ ಹಿಂದೆ ಗಾಸ್ಟನ್, ಕ್ಲೋಡೆಟ್. ಇನ್ನೊಂದು ಕಡೆ ಫಿಲೊಮೇನಳ ಗುಂಪು ಹಬ್ಬದ ಟೋಪಿಗಳಲ್ಲಿ. ಜಡ್ಜರು ಈ ಕೇಸಿಗೆ ನಾಲ್ಕನೆಯವರು. ಆದೇಶವಾದ ವರ್ಷ ಅವರಿನ್ನೂ ಎಳೆಯ ಕೂಸು. ಯೂಲಾಲಿ ವರದಿಯನ್ನು ಜಡ್ಜರಿಗೆ ಕೊಟ್ಟು, ಬೈಬಲಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿ ಕುಳಿತಳು.

"ಶ್ರೀಮತಿ ನಾರ್ಸಿಸ್, ವರದಿಯಲ್ಲಿ ಒಂದೇ ಸಹಿಯಿದೆ," ಎಂದರು ಜಡ್ಜರು. "ಶ್ರೀ ಲಾಚ್ಲೆ ತೀರಿಕೊಂಡರೆಂದು ತಿಳಿದು ನ್ಯಾಯಾಲಯಕ್ಕೆ ದುಃಖವಾಗಿದೆ. ಅವರು ಬದುಕಿದ್ದರೆ ಸಹಿ ಮಾಡುತ್ತಿದ್ದರು ಎಂದು ನಾವು ತಿಳಿಯಬಹುದೆ?"

ಅವಳ ವಕೀಲರು ಆಗಲೇ ಹೌದೆಂಬಂತೆ ತಲೆಯಾಡಿಸುತ್ತಿದ್ದರು.

"ಇಲ್ಲ ಸ್ವಾಮಿ," ಎಂದಳು ಯೂಲಾಲಿ. "ಅವನು ಮಾಡ್ತಿರ್ಲಿಲ್ಲ. ನನ್ನದನ್ನೂ ಹೊಡೆದುಹಾಕ್ಬೇಕು, ಒಂದು ಪೆನ್ನು ಕೊಡ್ಸಿ."

ಹಿಂದಿನ ಸಾಲುಗಳಲ್ಲಿ ಗುಜುಗುಜು ಎದ್ದಿತು. ಅವಳು ಮಹಡಿಯ ತರಗತಿಯ ವಿಷಯವನ್ನೂ ಚೀಟಿಯ ವಿಷಯವನ್ನೂ ಹೇಳಿದಳು. ತಾನು ಕಂಡ ಸಾಲಿನ ವಿಷಯ ಹೇಳಿದಳು. "ನಾವಿಬ್ಬರೂ ಊಟದ ಕೋಣೇಲೇ ಎಣಿಸಿದ್ವಿ. ಶಾಲೆ ಒಂದಾಯ್ತು ಅಂತ ಬರೆದ್ವಿ. ಕೂಸುಗಳು ಅನ್ನ ತಿನ್ನೋವಾಗ ಒಟ್ಟಿಗಿದ್ರು, ಪಾಠ ಕಲಿಯೋವಾಗ ಇರ್ಲಿಲ್ಲ."

ಮಂಡಳಿಯ ವಕೀಲರು ಎದ್ದರು. ನಯವಾದ ಮನುಷ್ಯ. "ಅಮ್ಮಾ, ಕಳೆದ ವರ್ಷದವರೆಗೂ ಶ್ರೀ ಲಾಚ್ಲೆ ಎಲ್ಲ ಸರಿಯಿದೆ ಎಂದು ಸಹಿ ಮಾಡಿದ್ದಾರೆ. ಈ ವಿಷಯ ಅವರಿಗೆ ಗೊತ್ತೇ ಇರಲಿಲ್ಲ, ಅಲ್ಲವೆ?"

ಅದು ಅವಳು ಭಯಪಟ್ಟ ಪ್ರಶ್ನೆ. ಗೊತ್ತಿರಲಿಲ್ಲ ಎಂದರೆ ಸಾಕಿತ್ತು. ಸತ್ತವನು ಬಂದು ಅಲ್ಲಗಳೆಯುತ್ತಿರಲಿಲ್ಲ. ಪುಸ್ತಕ ಅವಳ ಚೀಲದಲ್ಲಿತ್ತು. ಅವಳು ಕ್ಲೋಡೆಟಳ ಕಡೆ ನೋಡಿದಳು. ಕ್ಲೋಡೆಟ್ ಎರಡೂ ಕೈಗಳಿಂದ ಮುಂದಿನ ಬೆಂಚನ್ನು ಹಿಡಿದಿದ್ದಳು. ಮುಖ ಬಿಳಿಚಿತ್ತು, ಕಣ್ಣು ತಗ್ಗಿಸಲಿಲ್ಲ.

"ಗೊತ್ತಿತ್ತು," ಎಂದಳು ಯೂಲಾಲಿ. "ಮೂರು ವರ್ಷದಿಂದ."

"ಗೊತ್ತಿದ್ದೂ ಸಹಿ ಮಾಡಿದರು?"

"ಮಾಡ್ದ. ಮೂರು ಸಲ ಮಾಡ್ದ. ನಾಲ್ಕನೇ ಸಲ ಆಗ್ಲಿಲ್ಲ ಅವನ ಕೈಲಿ." ಅವಳು ಜಡ್ಜರ ಕಡೆ ತಿರುಗಿದಳು. "ನಾನು ಹತ್ತು ವರ್ಷ ಮಾಡ್ದೆ ಸ್ವಾಮಿ. ಅವನು ಮಹಡಿ ಹತ್ತಿ ನೋಡಿ ಸುಮ್ಮನಿದ್ದ. ನಾನು ಕೆಳಗೇ ನಿಂತು ನೋಡಿ, ನೋಡ್ಲಿಲ್ಲ. ಇದರಲ್ಲಿ ಯಾರದ್ದು ಹೆಚ್ಚು ಅಂತ ನನಗೆ ಗೊತ್ತಿಲ್ಲ. ಅವನಿಗೆ ಬರೋ ಮಾತು ಬರ್ಲಿ, ಅದರಲ್ಲಿ ದೊಡ್ಡ ಪಾಲು ನನಗೂ ಬರ್ಲಿ. ಆದ್ರೆ ಇದನ್ನೂ ಬರ್ಕೊಳ್ಳಿ: ನಾವು ಗೆದ್ವಿ ಅಂತ ಕುಣೀತಾ ನಾನು ಸಹಿ ಹಾಕಿದಾಗ, ತಡೆದೋನು ಅವನೇ. ಬೈಸ್ಕೊಂಡು ಹೋದ. ಯಾಕೆ ಅಂತ ಹೇಳೋಕೂ ನಾನು ಬಿಡ್ಲಿಲ್ಲ."

ನೀಲಿ ಪುಸ್ತಕವನ್ನು ತೆಗೆದು ಮುಂದಿಟ್ಟಳು. ಪೆನ್ನು ಕೊಟ್ಟರು. ವರದಿಯಲ್ಲಿ ತನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು.

ಮಧ್ಯಾಹ್ನದ ಮೇಲೆ ಜಡ್ಜರು ತೀರ್ಪು ಹೇಳಿದರು. ಬಸ್ಸು, ಕಟ್ಟಡ, ಶಿಕ್ಷಕರು, ಆಟೋಟ, ಇವೆಲ್ಲವುಗಳ ಮೇಲಿನ ಮೇಲ್ವಿಚಾರಣೆ ಇಂದಿಗೆ ಕೊನೆಗೊಂಡಿತು. ಮಹಡಿಯ ತರಗತಿಯನ್ನು ಮಾತ್ರ ನ್ಯಾಯಾಲಯ ಇನ್ನೆರಡು ವರ್ಷ ತನ್ನ ಕಣ್ಗಾವಲಿನಲ್ಲಿ ಇಟ್ಟುಕೊಳ್ಳುತ್ತದೆ. ಚೀಟಿಯ ಪದ್ಧತಿ ನಿಲ್ಲಬೇಕು. ಮೂರನೆಯ ತರಗತಿಯ ಪ್ರತಿ ಮಗುವಿಗೂ ಪರೀಕ್ಷೆ ಆಗಬೇಕು. ಆಮೇಲೆ ಅದೂ ಮುಗಿಯುತ್ತದೆ. ಓದುವುದಕ್ಕೆ ಹತ್ತು ನಿಮಿಷ ಹಿಡಿಯಿತು. ನಲವತ್ತೇಳು ವರ್ಷದ ಕಾಗದಗಳನ್ನು ಗುಮಾಸ್ತ ಕೈಗಾಡಿಯಲ್ಲಿ ತಳ್ಳಿಕೊಂಡು ಒಳಗೆ ಹೋದ.

ಹೊರಗೆ ಗಾಸ್ಟನ್ ಅವಳಿಗೆ ಅಡ್ಡ ನಿಂತ. "ಗೋರಿಗೆ ಇನ್ನೂ ಸುಣ್ಣ ಹೊಡೆದಿಲ್ಲ ಯೂಲಾಲಿ. ಅಷ್ಟರಲ್ಲಿ ಅವನನ್ನ ಬೀದಿಗೆ ತಂದ್ಯಲ್ಲ."

"ತಂದೆ ಗಾಸ್ಟನ್."

"ನಿನ್ನ ಗಂಡನ ಪೆಟ್ಟಿಗೆ ಹೊತ್ತಿದ್ದ ಅವನು!"

"ಹೊತ್ತಿದ್ದ. ಎಡಗಡೆ, ಮುಂದೆ," ಎಂದಳು. ಗಾಸ್ಟನ್ ಮುಖ ತಿರುಗಿಸಿಕೊಂಡು ಹೋದ.

ಫಿಲೊಮೇನಳಿಗೂ ಮುನಿಸೇ. "ನಾವು ಕಣ್ಮುಚ್ಚೋದ್ರೊಳಗೆ ಮುಗೀಬಾರ್ದಾ ಇದು? ಎರಡು ವರ್ಷ ಅಂತೆ! ಕೇಕಿನ ಮೇಲೆ 'ಮುಗಿಯಿತು' ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಬರ್ಸಿದೀವಿ, ಈಗೇನು ಮಾಡೋಣ ಹೇಳು?"

"ಅಕ್ಷರ ಇರೋ ತುಂಡೆಲ್ಲ ನನಗಿಡೇ, ನಾನೇ ತಿಂತೀನಿ," ಎಂದಳು ಯೂಲಾಲಿ. ಫಿಲೊಮೇನ್ ಎಷ್ಟು ತಡೆದುಕೊಂಡರೂ ನಗು ಬಂತು. "ನಿನಗೆ ಸಕ್ಕರೆ ಕಾಯಿಲೆ ಕಣೇ, ಮುಟ್ಟೀಯಾ ಜೋಕೆ," ಎಂದು ಗೊಣಗುತ್ತ ಕಾರು ಹತ್ತಿದಳು.

ಕ್ಲೋಡೆಟ್ ಮೆಟ್ಟಿಲ ಕೆಳಗೆ ಕಾದು ನಿಂತಿದ್ದಳು.

"ನಿಮ್ಮನ್ನ ಬಿಟ್ಟು ಬರ್ತೀನಿ, ಬನ್ನಿ," ಎಂದಳು ಕ್ಲೋಡೆಟ್.

"ಮನೆಗೆ ಬೇಡ ಮಗಳೇ. ಅವನ ಹತ್ರ ಕರ್ಕೊಂಡು ಹೋಗು. ಆವತ್ತು ಪೆಟ್ಟಿಗೆ ಹತ್ರ ನಿಲ್ಲದೆ ಬಂದ್ಬಿಟ್ಟೆ."

ಊರ ಹೊರಗಿನ ಗೋರಿಗಳ ತೋಟ ಎರಡೂ ಚರ್ಚಿಗೆ ಸೇರಿದ್ದು. ಪೂರ್ವಕ್ಕೆ ಬಿಳಿಯರು, ಪಶ್ಚಿಮಕ್ಕೆ ಕಪ್ಪು ಜನ. ನಡುವೆ ನೀರು ಹರಿದು ಹೋಗಲು ತೋಡಿದ ಕಾಲುವೆ. ಆ ಕಾಲುವೆಯ ಬಗ್ಗೆ ಯಾವ ಕೋರ್ಟೂ ಏನೂ ಹೇಳಿರಲಿಲ್ಲ. ಸಕಲ ಸಂತರ ಹಬ್ಬಕ್ಕೆ ಇಟ್ಟ ಸೇವಂತಿಗೆ ಹೂವು ಗೋರಿಗಳ ಮೇಲೆ ಬಾಡಿದ್ದವು. ಕ್ಲೋಡೆಟ್ ಮೊದಲು ದಾಟಿ ಕೈ ಚಾಚಿದಳು. ಯೂಲಾಲಿ ಅವಳ ಮುಂಗೈ ಹಿಡಿದು, ಒಂದು ಕಾಲನ್ನು ಎತ್ತಿಟ್ಟು, ನೋವಿಗೆ "ಅಮ್ಮಾ" ಎಂದು, ಇನ್ನೊಂದನ್ನೂ ಆಚೆಗೆ ಇಟ್ಟಳು.

ಆಲ್ಸೀಡನ ಗೋರಿ ಇನ್ನೂ ಬರಿಯ ಇಟ್ಟಿಗೆ. ಗಾರೆ ಹಸಿಯಾಗಿತ್ತು. ಸುಟ್ಟ ಸೋಗೆಯ ಬೂದಿ ಅದರ ಮೇಲೂ ಬಿದ್ದಿತ್ತು. ಯೂಲಾಲಿ ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯಿಂದ ಅದನ್ನು ಒರೆಸಿದಳು. ಮೊಣಕಾಲೂರಲು ಆಗಲಿಲ್ಲ, ಇಟ್ಟಿಗೆಯ ಮೇಲೆ ಅಂಗೈ ಊರಿ ನಿಂತಳು. ಕ್ಲೋಡೆಟ್ ಪಕ್ಕದಲ್ಲಿ ತಲೆಬಾಗಿದಳು. ಮುದುಕಿಯ ದನಿ ಕೇಳಿಸಿತು.

"ಸ್ವಾಮಿ ದೇವರೇ, ನಿನ್ನ ದಾಸ ಆಲ್ಸೀಡ್ ಬಂದಿದ್ದಾನೆ. ಒಳ್ಳೆಯವನು. ಹೇಳಬೇಕಾದ್ದನ್ನು ಹೇಳಲು ತಡಮಾಡಿದ, ನೋಡಬೇಕಾದ್ದನ್ನು ನೋಡಲು ನಾನೂ ತಡಮಾಡಿದೆ. ಅವನ ತಪ್ಪನ್ನು ಮನ್ನಿಸು. ನನ್ನ ಮಾತಿನಿಂದ ಅವನಿಗಾದ ನೋವನ್ನು ಮಾಯಿಸು. ನಿನ್ನ ಬೆಳಕಿನಲ್ಲಿ ಅವನ ಆತ್ಮಕ್ಕೆ ಶಾಂತಿ ಕೊಡು. ಬಾಗಿಲಲ್ಲಿ ಅವನನ್ನು ಕಾಯಿಸಬೇಡ ತಂದೆ. ಆಮೆನ್."